ಕುದಿಯುವ ಕಡಾಯಿ ಮುಂದೆ ಬಿಕ್ಕಳಿಕೆ

ಬೆಲ್ಲದ ಕಡಾಯಿ ಇಳಿಸುವುದಕ್ಕೆ ಮೂರು ಮಾತು ಸಾಕು. “ಹಿಡೀರಿ” ಎಂದರೆ ಎಂಟು ಆಳು ಕಡಾಯಿಯ ಕಿವಿಗೆ ತೂರಿಸಿದ ಬೊಂಬಿಗೆ ಕೈ ಹಾಕುತ್ತಾರೆ. “ಎತ್ತ” ಎಂದರೆ ಎಂಟೂ ಜನ ಒಂದೇ ಉಸಿರಿಗೆ ಮೇಲೇಳುತ್ತಾರೆ. “ವಾಲಸ” ಎಂದರೆ ಕುದಿಯುವ ಪಾಕವನ್ನು ಒಲೆಯ ಪಕ್ಕದ ಸಿಮೆಂಟಿನ ತಗ್ಗಿಗೆ ಸುರಿಯುತ್ತಾರೆ. ಮೂರನ್ನೂ ಹೇಳುವವನು ಗುಳವ್ಯಾ. ಕಬ್ಬಿನ ಹಾಲು ಕುದಿಸಿ, ಹದ ನೋಡಿ ಬೆಲ್ಲ ಇಳಿಸುವವನಿಗೆ ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಇರುವ ಹೆಸರು ಅದು. ಸಾಲಿ ಅರ್ಧಕ್ಕೆ ಬಿಟ್ಟ ನನಗೆ ಬೇರೆ ಯಾವ ಪದವಿಯೂ ಇರಲಿಲ್ಲ, ಬೇಕೆನಿಸಿಯೂ ಇರಲಿಲ್ಲ. ಸಂತೆಯಲ್ಲಿ ಯಾರಾದರೂ “ಏ ಗುಳವ್ಯಾ” ಎಂದು ಕರೆದರೆ, ಹೆಸರು ಹಿಡಿದು ಕರೆದದ್ದಕ್ಕಿಂತ ಹೆಚ್ಚು ಹಿತವಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಹಂಗಾಮಿನಲ್ಲಿ ನಾನು ಪಾಲಬಾವಿಯ ಹತ್ತಿರದ ಗಾಣವೊಂದರಲ್ಲಿ ಇದ್ದೆ. ಮಾಲಕರು ಜೈನರು. ಕತ್ತಲಾದ ಮೇಲೆ ಅವರ ಗಾಣದಲ್ಲಿ ಒಲೆ ಉರಿಯುವಂತಿಲ್ಲ. ದೀಪಕ್ಕೆ ಬಂದ ಹುಳ ಪಾಕಕ್ಕೆ ಬೀಳುತ್ತವೆ ಎಂಬುದು ಅವರ ತಕರಾರು. ಬೇರೆ ಗಾಣಗಳು ರಾತ್ರಿಯಿಡೀ ನಡೆದರೂ ನಮ್ಮದು ಹೊತ್ತು ಮುಳುಗುವುದರೊಳಗೆ ಕೊನೆಯ ಕಡಾಯಿ ಇಳಿಸಬೇಕು. ಹೀಗಾಗಿ ಹಗಲಿನ ಕೆಲಸ ಬಿರುಸು, ಒಂದು ಕಡಾಯಿ ಕೆಟ್ಟರೆ ಅದನ್ನು ತುಂಬಿಕೊಳ್ಳಲು ರಾತ್ರಿ ಇಲ್ಲ.

ಹಂಗಾಮು ಸುರುವಾಗಿ ಸ್ವಲ್ಪ ದಿನಕ್ಕೇ ಎತ್ತುವ ಆಳೊಬ್ಬ ಬರಲಿಲ್ಲ. ಅವನ ಜಾಗದಲ್ಲಿ ನಾನೇ ಬೊಂಬಿಗೆ ಕೈ ಕೊಟ್ಟೆ. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಬೆನ್ನಿನ ನರಗಳೆಲ್ಲ ಹಗ್ಗ ಹೊಸೆದಂತೆ ಬಿಗಿದಿದ್ದವು. ಬಸ್ಸು ಹಿಡಿದು ಚಿಕ್ಕೋಡಿಗೆ ಹೋದೆ. ಕೋರ್ಟಿನ ಹಿಂದಿನ ಓಣಿಯಲ್ಲಿ ಒಬ್ಬ ವಯಸ್ಸಾದ ಡಾಕ್ಟರರಿದ್ದರು.

“ಏನ ಕೆಲಸ ಮಾಡ್ತಿ?” ಎಂದರು.

“ಹೊಲದ ಕೆಲಸ್ರಿ” ಎಂದೆ. ಗಾಣ ಎಂದರೆ ಮನೆಯಲ್ಲಿ ಕೂರಿಸುತ್ತಾರೆ ಎಂಬ ಅಂಜಿಕೆ.

ಎರಡು ತರದ ಗುಳಿಗೆ ಕೊಟ್ಟರು. ಒಂದು ನೋವಿಗೆ. ಇನ್ನೊಂದು ಸಣ್ಣದು, ಮುಂಜಾನೆ ಒಂದು, ರಾತ್ರಿ ಒಂದು. “ಇದು ಬಿಗದಿದ್ದ ಮೈ ಸಡಲ ಮಾಡ್ತೈತಿ, ನಿದ್ದಿನೂ ತರ್ತೈತಿ. ಒಂದ ವಾರ ತಗೊ, ಆಮ್ಯಾಲ ಬಂದ ತೋರಸು” ಎಂದರು.

ಆ ಸಣ್ಣ ಗುಳಿಗೆ ಬಲು ಚೆನ್ನಾಗಿ ಕೆಲಸ ಮಾಡಿತು. ಬೆನ್ನು ಸಡಿಲವಾಯಿತು, ರಾತ್ರಿ ಸತ್ತಂತೆ ನಿದ್ದೆ. ವಾರ ಮುಗಿದಾಗ ಚಿಕ್ಕೋಡಿಗೆ ಹೋಗುವುದೆಂದರೆ ಒಂದು ದಿನದ ಗಾಣ ಬಿಡಬೇಕು. ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಲ್ಲೇ ಮತ್ತೆ ಕೊಂಡೆ. ಅದು ಮುಗಿದಾಗ ಮತ್ತೊಮ್ಮೆ ಕೊಂಡೆ. ಆಗಿನ ಕಾಲಕ್ಕೆ ಯಾರೂ ಕೇಳುತ್ತಿರಲಿಲ್ಲ.

ಬಿಕ್ಕಳಿಕೆ ಸುರುವಾದದ್ದು ಈ ನಡುವೆ. ಮೊದಲ ದಿನ ನಕ್ಕೆವು. ನಮ್ಮಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಯುತ್ತಿದ್ದಾರೆ ಎಂದು ಅರ್ಥ. ಒಬ್ಬೊಬ್ಬರ ಹೆಸರು ಹೇಳುತ್ತ ಹೋಗಬೇಕು, ಯಾರ ಹೆಸರಿಗೆ ನಿಂತಿತೋ ಅವರೇ ನೆನೆದವರು. ಗಾಣದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬುಟ್ಟಿಯಲ್ಲಿ ಹೊತ್ತು ಬಯಲಿನಲ್ಲಿ ಹರವಿ ಒಣಗಿಸುವ ಹೆಂಗಸರಿದ್ದರು. ಅವರಲ್ಲಿ ಹಿರಿಯಳು ನನಗಿಂತ ಸ್ವಲ್ಪ ದೊಡ್ಡವಳು, ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಕಾಲುವೆಯ ಆಚೆ ಮೇಯುವ ಎಮ್ಮೆಯನ್ನು ಈಚೆ ನಿಂತು ಕೂಗಿ ತಿರುಗಿಸುವ ಗಂಟಲು ಅವಳದು.

“ತಮ್ಮಾ, ಉಗಾರ ಬುದ್ರುಕದಾಗ ನಿಮ್ಮ ಅತ್ತಿ ನೆನಸಾಕತ್ತಾಳ ನೋಡ. ದೀಪಾವಳಿಗೆ ಅಳಿಯಾ ಬರಲಿಲ್ಲಂತ ಬಯ್ಯಾಕತ್ತಿರಬೇಕ” ಎಂದಳು.

“ಅತ್ತಿ ಹೆಸರ ಹೇಳಿದ ಮ್ಯಾಲ ಜೋರ ಆತಲ್ಲಬೇ ಯಕ್ಕಾ.”

“ಹಂಗಾರ ಆಕಿನ ಖರೆ. ನಿನ್ನ ಹೆಸರ ಬಿಡವಲ್ಲಳು.”

ಎರಡನೆಯ ದಿನಕ್ಕೆ ಹೆಸರುಗಳು ಮುಗಿದವು, ಬಿಕ್ಕಳಿಕೆ ಮುಗಿಯಲಿಲ್ಲ. ಮುಂಜಾನೆ ಗಾಣಕ್ಕೆ ಬಂದು ಒಲೆ ಹಚ್ಚಿಸುವ ಹೊತ್ತಿಗೆ ಸುರುವಾದರೆ ಮಧ್ಯಾಹ್ನ ದಾಟುವವರೆಗೆ ನಡೆಯುತ್ತಿತ್ತು. ಹೆಂಡತಿ ಸಕ್ಕರೆ ಬಾಯಿಗೆ ಹಾಕಿದಳು. ಒಲೆಗೆ ಸಿಪ್ಪೆ ನೂಕುವವನು ನನ್ನನ್ನು ಬಗ್ಗಿಸಿ ತಲೆಕೆಳಗಾಗಿ ನೀರು ಕುಡಿಸಿದ, ಮೂಗಿಗೆಲ್ಲ ನೀರು ಹೋಯಿತು. ಎಂಜಿನ್ ನೋಡುವವನು ನನ್ನನ್ನು ಹೆದರಿಸಿದರೆ ನಿಲ್ಲುತ್ತದೆ ಎಂದು ಹಿಂದಿನಿಂದ ಬಂದು ಎಣ್ಣೆ ಡಬ್ಬಿ ಬಡಿದ. ಕಡಾಯಿಯ ಅಂಚಿನಲ್ಲಿದ್ದ ನಾನು ಮುಗ್ಗರಿಸಿ ಕಂಬ ಹಿಡಿದುಕೊಂಡೆ. ಅವನಿಗೆ ಆ ದಿನ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಬಿಕ್ಕಳಿಕೆ ಮಾತ್ರ ಬೈಗುಳದ ನಡುವೆಯೂ ಬರುತ್ತಿತ್ತು, ಅದಕ್ಕೆ ಅವನು ಇನ್ನಷ್ಟು ನಕ್ಕ.

ನಗು ಕೆಲಸಕ್ಕೆ ತಾಗಲು ತಡವಾಗಲಿಲ್ಲ. ಹಾಲು ಕಾದು ಮೇಲೆ ಕೊಳೆ ಕಟ್ಟುವಾಗ ಬೆಂಡೆ ದಂಟಿನ ಲೋಳೆ ಹಾಕಿ ಕೊಳೆ ತೆಗೆಯುತ್ತೇವೆ. ಆಮೇಲೆ ಸುಣ್ಣದ ತಿಳಿ. ಸುಣ್ಣ ಕಡಿಮೆಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಹೆಚ್ಚಾದರೆ ಕಪ್ಪಾಗುತ್ತದೆ. ಕೈಯಳತೆಯ ಕೆಲಸ. ಸುಣ್ಣ ಬಗ್ಗಿಸುವ ಹೊತ್ತಿಗೇ ಬಿಕ್ಕಳಿಸಿದೆ, ಕೈ ಜಗ್ಗಿತು, ತಂಬಿಗೆ ಅರ್ಧ ಖಾಲಿ. ಆ ಕಡಾಯಿಯ ಬೆಲ್ಲ ಹೊಗೆಸೊಪ್ಪಿನ ಬಣ್ಣಕ್ಕೆ ಬಂತು. ಮಾಲಕರು ಒಂದು ಚೂರು ಮುರಿದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಅದಾದ ಮೇಲೆ. ಒಂದು ಮಧ್ಯಾಹ್ನ ಪಾಕ ಹದಕ್ಕೆ ಬಂದಿತ್ತು. ದೊಡ್ಡ ದೊಡ್ಡ ಗುಳ್ಳೆ ಎದ್ದು ಒಡೆಯದೆ ಕೂರುತ್ತಿದ್ದವು. ತಣ್ಣೀರಿಗೆ ಒಂದು ಹನಿ ಬಿಟ್ಟು ಉಂಡೆ ಮಾಡಿ ಕಡಾಯಿಯ ಅಂಚಿಗೆ ಹೊಡೆದೆ, ಟಣ್ ಎಂದಿತು. ಆಮೇಲೆ ತಡ ಮಾಡುವಂತಿಲ್ಲ. ಒಲೆಯ ಆ ಕಡೆ ನಾಲ್ವರು, ಈ ಕಡೆ ನಾಲ್ವರು. “ಹಿಡೀರಿ” ಎಂದೆ, ಹಿಡಿದರು. “ಎ” ಎಂದೆ. ಅಲ್ಲಿಗೆ ಬಿಕ್ಕಳಿಕೆ ಬಂದು ಗಂಟಲು ಕಟ್ಟಿತು. ನನ್ನ ಬಾಯಿ ಕಾಣುತ್ತಿದ್ದ ಈ ಕಡೆಯವರು ಎತ್ತಿಬಿಟ್ಟರು. ಹೊಗೆಯ ಆಚೆ ಇದ್ದವರು ಪೂರ್ತಿ ಕೂಗು ಕೇಳಲೆಂದು ಕಾದರು.

ಕಡಾಯಿ ವಾಲಿತು. ಪಾಕ ಆ ಕಡೆಯ ಅಂಚು ದಾಟಿ ಬೂದಿಗೆ ಸುರಿಯಿತು. ಆ ಕಡೆಯವರು ಬೊಂಬು ಬಿಟ್ಟು ಹಾರಿದ್ದಕ್ಕೆ ಬದುಕಿದರು. ಒಬ್ಬನ ಪಾದದ ಮೇಲೆ ಮಾತ್ರ ಸಿಡಿಯಿತು. ಬೆಲ್ಲದ ಪಾಕ ಬಿಸಿನೀರಿನಂತೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ. ಅವನನ್ನು ಎತ್ತಿ ಒಯ್ದು ನೀರು ತುಂಬಿದ ಹೌದಿನಲ್ಲಿ ಕಾಲು ಇಡಿಸಿದೆವು. ಬಹಳ ಹೊತ್ತು ಹಾಗೆಯೇ ಕೂತ. ನಾನು ಹತ್ತಿರ ಹೋದಾಗ ತಲೆ ಎತ್ತಿ ನೋಡಿದ.

“ಕಾಲಿಗೆ ಬಿತ್ತು, ಇರ್ಲಿ. ನಾಳೆ ಮಕದ ಮ್ಯಾಲ ಬಿದ್ರ ಏನ ಮಾಡೂದು ಗುಳವ್ಯಾ?”

ಉತ್ತರ ಕೊಡಲು ಬಾಯಿ ತೆರೆದೆ. ಬಿಕ್ಕಳಿಕೆ ಬಂತು. ಯಾರೂ ನಗಲಿಲ್ಲ.

ಸಂಜೆ ಮಾಲಕರು ನನ್ನನ್ನು ಕರೆದರು. ಅವರದು ಯಾವಾಗಲೂ ಮೆಲುದನಿ. “ನೀ ಆರಾಮ ಆಗು. ನಿಪ್ಪಾಣಿ ಕಡೆ ಒಬ್ಬ ಗುಳವ್ಯಾ ಅದಾನ, ಹೇಳಿ ಕಳಸ್ತೇನಿ. ಅವಾ ಬರೂ ತನಕ ನಡಸು” ಎಂದರು. ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಹಂಗಾಮಿನ ನಡುವೆ ಕಡಾಯಿ ಬಿಟ್ಟುಕೊಟ್ಟ ಗುಳವ್ಯಾನನ್ನು ಮುಂದಿನ ಹಂಗಾಮಿಗೆ ಯಾರೂ ಕರೆಯುವುದಿಲ್ಲ. ಅಥಣಿಯಿಂದ ಕಾಗವಾಡದವರೆಗೆ ಎಲ್ಲ ಗಾಣಗಳಿಗೂ ಸುದ್ದಿ ಹೋಗಿಬಿಡುತ್ತದೆ.

ನನಗೆ ಆ ಗುಳಿಗೆಯ ಮೇಲೆ ಆಗಲೇ ಗುಮಾನಿ ಬಂದಿತ್ತು. ಮರುದಿನ ಸಂತೆ, ಗಾಣಕ್ಕೆ ಸೂಟಿ. ಗಡಿಬಿಡಿಯಲ್ಲಿ ಹಿಂದಿನ ರಾತ್ರಿಯ ಗುಳಿಗೆಯನ್ನೂ ಆ ಮುಂಜಾನೆಯದನ್ನೂ ನುಂಗುವುದು ಮರೆತಿದ್ದೆ, ಬಿಕ್ಕಳಿಕೆ ಹತ್ತಿರ ಸುಳಿದಿರಲಿಲ್ಲ. ಇನ್ನೇನು ಬೇಕು ಎಂದು ಅವತ್ತಿನ ರಾತ್ರಿಯಿಂದಲೇ ಗುಳಿಗೆ ಪೂರ್ತಿ ನಿಲ್ಲಿಸಿದೆ. ನಿಲ್ಲಿಸಿದೆ ಎಂದು ಯಾರಿಗೂ ಹೇಳಲಿಲ್ಲ.

ಬಿಕ್ಕಳಿಕೆ ಕಡಿಮೆಯಾಯಿತು. ಅದರ ಜಾಗಕ್ಕೆ ಬೇರೆಯದು ಬಂತು. ರಾತ್ರಿ ಕಣ್ಣು ಮುಚ್ಚಿದರೆ ನಿದ್ದೆ ಇಲ್ಲ. ಹಗಲಿಗೆ ಮೈ ಬೆವರುತ್ತಿತ್ತು, ಎಂಜಿನ್ ಸದ್ದು ತಲೆಯೊಳಗೆ ಬಡಿದಂತಾಗುತ್ತಿತ್ತು. ಬೆನ್ನೂ ಮತ್ತೆ ಬಿಗಿಯತೊಡಗಿತು. ಎರಡನೆಯ ದಿನ ಹದ ನೋಡಲು ತಣ್ಣೀರಿನ ಬಟ್ಟಲಿಗೆ ಕೈ ಹಾಕಿದರೆ ಬೆರಳು ನಡುಗಿ ಪಾಕ ಉಂಡೆಯಾಗಲೇ ಇಲ್ಲ. ನನ್ನ ಬೆರಳು ನನ್ನ ಮಾತು ಕೇಳದಿದ್ದದ್ದು ಅದೇ ಮೊದಲು. ಉಂಡೆ ಬಿಟ್ಟು ಬರೀ ಕಣ್ಣಿನ ಮೇಲೆ ನಂಬಿಕೆ ಇಟ್ಟು, ಕೂಗನ್ನು ಹೇಗೋ ಮುಗಿಸಿ ಆ ಕಡಾಯಿ ಇಳಿಸಿದೆ. ಮನೆಗೆ ಬಂದು ಜಗಲಿಯ ಮೇಲೆ ಕೂತೆ.

ಹೆಂಡತಿ ನನ್ನ ಕೈ ನೋಡಿದಳು. ಗೂಟಕ್ಕೆ ಸಿಗಿಸಿದ್ದ ಗುಳಿಗೆಯ ಚೀಲವನ್ನೂ ನೋಡಿದಳು. ಎರಡು ದಿನದಿಂದ ಒಂದು ಗುಳಿಗೆಯೂ ಕಡಿಮೆಯಾಗಿರಲಿಲ್ಲ.

“ಡಾಕ್ಟರ್ ಮುಂದ ಹೋಗಾಕ ನಾಚಿಕಿ. ಕಡಾಯಾಗ ಬೀಳಾಕ ನಾಚಿಕಿಲ್ಲ ನಿಮಗ” ಎಂದಳು. ಮರುದಿನ ಮುಂಜಾನೆ ಅವಳೇ ರೊಟ್ಟಿ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸಿದಳು. ಮಾಲಕರಿಗೆ ಒಂದು ದಿನ ಗಾಣ ಬಂದ್ ಇಡಲು ಹೇಳಿಕಳಿಸಿದೆ.

ಡಾಕ್ಟರರು ಎಲ್ಲವನ್ನೂ ಕೇಳಿದರು. ಹೊಟ್ಟೆ ಒತ್ತಿ ನೋಡಿದರು, ಎದೆ ಉರಿಯುತ್ತದೆಯೇ, ಕುಡಿಯುತ್ತೀಯೇ, ಊಟ ಇಳಿಯುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಮತ್ತೆ ಅದೇ ಪ್ರಶ್ನೆ.

“ಏನ ಕೆಲಸ ಅಂದಿ?”

ಈ ಸಲ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ನಿದ್ದಿ ಗುಳಿಗಿ ನುಂಗಿ ಕುದಿಯೋ ಕಡಾಯಿ ಮುಂದ ನಿಂತಿದ್ದಿ. ವಾರ ತಗೊ ಅಂದದ್ದ ಎಷ್ಟ ವಾರ ತಗೊಂಡಿ. ಆಮ್ಯಾಲ ನನ್ನ ಕೇಳದ ತಟ್ನ ಬಿಟ್ಟಿ. ಮೂರೂ ತಪ್ಪ ನೀನ ಮಾಡಿ, ಗುಳಿಗಿ ಮ್ಯಾಲ ಹಾಕಾಕ ಬಂದೀ?”

“ಬಿಕ್ಕ ಗುಳಿಗಿದ ಹೌದಲ್ರಿ ಮತ್ತ?”

“ಇರಬೇಕ. ಎಲ್ಲಾರಿಗೂ ಆಗೂದಿಲ್ಲ, ಒಬ್ಬೊಬ್ಬರಿಗೆ ಆಗತೈತಿ. ಅವತ್ತ ಬಂದ ಹೇಳಿದ್ದಿ ಅಂದ್ರ ಅವತ್ತ ಬದಲ ಮಾಡ್ತಿದ್ನಿ. ಈಗ ಮೈ ಅದಕ್ಕ ಒಗ್ಗೇತಿ, ತಟ್ನ ಬಿಡಾಕ ಬರೂದಿಲ್ಲ. ಅದಕ್ಕ ನಿನ್ನ ಕೈ ನಡಗಾಕತ್ತಾವ. ಮೆಲ್ಲಕ ಇಳಸಬೇಕ.”

ಇಳಿಸುವ ಮಾತು ನನಗೆ ಅರ್ಥವಾಗುವ ಮಾತು. ಮುಂಜಾನೆಯ ಗುಳಿಗೆ ಬಂದ್. ರಾತ್ರಿಯದು ಇರಲಿ, ಕೆಲ ದಿನಕ್ಕೆ ಅದನ್ನು ಅರ್ಧ ಮಾಡುವುದು, ಆಮೇಲೆ ಬಂದು ತೋರಿಸಿದ ಮೇಲೆ ಮುಂದಿನದು. ಪೂರ್ತಿ ಹೋಗುವವರೆಗೆ ಬಿಕ್ಕಳಿಕೆ ಆಗೀಗ ಬಂದೇ ಬರುತ್ತದೆ, ತಡೆದುಕೋ ಎಂದರು. ತಣ್ಣೀರು ಗುಟುಕು ಗುಟುಕಾಗಿ ಕುಡಿ, ಹೊಟ್ಟೆ ಬಿರಿಯ ಉಣ್ಣಬೇಡ, ಬಂದಾಗ ಉಸಿರು ಹಿಡಿದು ನೋಡು ಎಂದರು. ಮುಂಜಾನೆ ತಲೆ ಜಡವಾಗಿದ್ದರೆ ಕಡಾಯಿಯ ಹತ್ತಿರ ಸುಳಿಯಬೇಡ, ಬೊಂಬು ಮುಟ್ಟಲೇಬೇಡ, ಅಂಚಿನಿಂದ ದೂರ ನಿಲ್ಲು ಎಂದರು. ಪೂರ್ತಿ ಮನೆಯಲ್ಲಿರು ಎಂದೂ ಹೇಳಿ ನೋಡಿದರು. “ಹಂಗಾಮ್ರಿ” ಎಂದೆ. “ಗೊತ್ತಿತ್ತ” ಎಂದು ಕನ್ನಡಕ ಹಾಕಿಕೊಂಡರು.

ಬಸ್ಸಿನ ಕಿಟಕಿಗೆ ತಲೆ ಆನಿಸಿ ಬರುವಾಗ ಲೆಕ್ಕ ಹಾಕಿದೆ. ಕಣ್ಣು ನೆಟ್ಟಗಿದೆ. ಕೈ ನೆಟ್ಟಗಾಗುತ್ತದೆ. ಕೆಟ್ಟದ್ದು ಬಾಯಿ ಒಂದೇ, ಅದೂ ಆ ಮೂರು ಮಾತಿನ ಹೊತ್ತಿಗೆ. ಹಾಗಾದರೆ ಆ ಮೂರು ಮಾತನ್ನು ಬೇರೆಯವರ ಬಾಯಿಗೆ ಕೊಡಬೇಕು. ಯಾರಿಗೆ? ಎತ್ತುವವನು ಕೂಗುತ್ತ ಎತ್ತಿದರೆ ಉಸಿರು ಒಡೆಯುತ್ತದೆ, ಸೊಂಟ ಹೋಗುತ್ತದೆ. ಒಲೆಗೆ ಸಿಪ್ಪೆ ನೂಕುವವನು ಕೆಳಗೆ ಗುಂಡಿಯಲ್ಲಿರುತ್ತಾನೆ, ಕಡಾಯಿ ಕಾಣುವುದಿಲ್ಲ. ಎಂಜಿನ್ನಿನವನಿಗೆ ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸದು. ಮಾಲಕರ ದನಿ ಪಕ್ಕದಲ್ಲಿ ಕೂತವರಿಗೇ ಕಷ್ಟ. ಗಾಣದಲ್ಲಿ ಬುಟ್ಟಿ ಇಳಿಸಿದರೆ ಕೈ ಖಾಲಿಯಾಗುವ, ಗಂಟಲು ಗಟ್ಟಿ ಇರುವ ಜೀವ ಒಂದೇ ಒಂದು. ಅದು ನೆನಪಾದಾಗ ಬೇರೆ ಯಾರಾದರೂ ಇದ್ದಾರೆಯೇ ಎಂದು ಮತ್ತೊಮ್ಮೆ ಮೊದಲಿನಿಂದ ಹುಡುಕಿದೆ. ಇರಲಿಲ್ಲ.

ಮರುದಿನ ಅಕ್ಕ ಸಿಪ್ಪೆಯ ಬುಟ್ಟಿ ಇಳಿಸುವುದನ್ನೇ ಕಾದು ವಿಷಯ ಹೇಳಿದೆ. ನಾನು ಪಾಕ ನೋಡುತ್ತೇನೆ, ಪಾಕ ತಿರುವುವ ಮರದ ಹುಟ್ಟು ನನ್ನ ಕೈಯಲ್ಲಿರುತ್ತದೆ, ಹುಟ್ಟು ಅಡ್ಡ ಹಿಡಿದರೆ ಮೊದಲ ಮಾತು, ಮೇಲೆತ್ತಿದರೆ ಎರಡನೆಯದು, ತಗ್ಗಿನ ಕಡೆ ಚಾಚಿದರೆ ಮೂರನೆಯದು. ನೀನು ಕೂಗಬೇಕು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಕೂಗಿದ್ರ ಗಂಡಸರ ಎತ್ತತಾರೇನ ತಮ್ಮಾ?”

“ಎತ್ತಸೂದ ನನಗಿರಲಿ.”

“ನಿನಗ ಮಾತಾಡಾಕ ಬರವಲ್ದು, ಎತ್ತಸ್ತಾನಂತ” ಎಂದು ನಕ್ಕಳು. ಆದರೆ ಬುಟ್ಟಿಯನ್ನು ಬದಿಗೆ ಸರಿಸಿದಳು.

ಕಾಲು ಸುಟ್ಟವನ ಜಾಗಕ್ಕೆ ಬಂದ ಹೊಸಬನೂ ಸೇರಿ ಗಂಡಸರು ಬೊಂಬಿನ ಮೇಲೆ ಕೈಯಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. “ಹೆಣಮಕ್ಕಳ ಕೂಗಿಗೆ ಕಡಾಯಿ ಇಳಸಿದವರನ್ನ ಎಲ್ಲೂ ಕೇಳಿಲ್ಲಪಾ” ಎಂದ ಒಬ್ಬ. “ಊರಾಗ ನಗ್ತಾರ” ಎಂದ ಇನ್ನೊಬ್ಬ. ನಾನು ಏನಾದರೂ ಹೇಳುವುದರೊಳಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದವನು ಮಾತಾಡಿದ.

“ನನ್ನ ಕಾಲ ಸುಟ್ಟದ್ದ ಗಂಡಸಿನ ಕೂಗಿಗೇ.”

ಒಬ್ಬೊಬ್ಬರಾಗಿ ಬೊಂಬು ಸರಿಯಾಗಿ ಹಿಡಿದರು. ಮೊದಲು ಕಡಾಯಿಗೆ ನೀರು ತುಂಬಿ ಎತ್ತಿಸಿದೆ. ಅಕ್ಕನ ಮೊದಲ ಕೂಗು ಎಮ್ಮೆ ಕರೆದಂತೆ ಉದ್ದಕ್ಕೆ ಹೋಯಿತು, ಎತ್ತುವವರು ನಕ್ಕು ಬೊಂಬು ಬಿಟ್ಟರು. ಮಾತು ಮೋಟಾಗಿರಬೇಕು, ಕೊಡಲಿ ಏಟಿನಂತೆ ಬಿದ್ದು ನಿಲ್ಲಬೇಕು ಎಂದು ಹೇಳಿಕೊಟ್ಟೆ. ಎರಡನೆಯ ಸಲ ತಡವಾಯಿತು. ಅವಳು ಹುಟ್ಟನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದಳು. “ಮಾರಿ ನೋಡಬ್ಯಾಡ ಯಕ್ಕಾ, ಕಟಗಿ ನೋಡು” ಎಂದೆ. “ನಿನ್ನ ಮಾರಿಕಿಂತ ಕಟಗಿನ ಚಂದ ಐತಿ ಬಿಡು” ಎಂದಳು. ಆಮೇಲಿನ ಸಲ ಎಂಟೂ ಜನ ಒಂದೇ ಮೈಯವರಂತೆ ಎದ್ದರು. ನೀರು ತುಳುಕಲಿಲ್ಲ.

ಮಾಲಕರು ದೂರ ನಿಂತು ನೋಡುತ್ತಿದ್ದರು. “ನಾಳೆ ನಿಪ್ಪಾಣಿಯಾವಾ ಬರ್ತಾನ. ಅವಾನೂ ನೋಡ್ಲಿ” ಎಂದಷ್ಟೇ ಹೇಳಿ ಊಟಕ್ಕೆ ಹೋದರು.

ನಿಪ್ಪಾಣಿಯ ಗುಳವ್ಯಾ ಮುಂಜಾನೆಯ ಬಸ್ಸಿಗೆ ಬಂದ. ನನಗಿಂತ ಹಿರಿಯ, ಮಾತು ಅರ್ಧ ಮರಾಠಿ. ಹೊರಸಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ನಾನು ಕೊಳೆ ತೆಗೆಯುವುದನ್ನೂ ಸುಣ್ಣ ಹಾಕುವುದನ್ನೂ ನೋಡಿದ. ಗುಳಿಗೆ ಮತ್ತೆ ರಾತ್ರಿ ಸುರುಮಾಡಿದ್ದರಿಂದ ನನ್ನ ಬೆರಳು ಸ್ತಿಮಿತಕ್ಕೆ ಬಂದಿತ್ತು. ಅದೇ ಕಾರಣಕ್ಕೆ ಬಿಕ್ಕಳಿಕೆಯೂ ಬಂದಿತ್ತು. ಸುಣ್ಣಕ್ಕೆ ಕೈ ಹಾಕುವ ಮೊದಲು ಒಂದು ಬಿಕ್ಕಳಿಕೆ ಮುಗಿಯುವವರೆಗೆ ಕಾದು, ಉಸಿರು ಹಿಡಿದು, ತಂಬಿಗೆ ಬಗ್ಗಿಸಿ, ಆಮೇಲೆ ಉಸಿರು ಬಿಟ್ಟೆ. ಹನಿ ಹೆಚ್ಚಾಗಲಿಲ್ಲ.

ಹದ ಬಂತು. ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಹುಟ್ಟು ಅಡ್ಡ ಹಿಡಿದೆ.

“ಹಿಡೀರಿ” ಎಂದಳು ಅಕ್ಕ.

ಹುಟ್ಟು ಮೇಲೆತ್ತುವುದಕ್ಕೂ ಬಿಕ್ಕಳಿಕೆ ಬರುವುದಕ್ಕೂ ಸರಿಹೋಯಿತು. ಎದೆ ಜಗ್ಗಿತು, ಭುಜ ಜಗ್ಗಿತು. ಮೇಲೆ ಹೋದ ಹುಟ್ಟು ಮಾತ್ರ ಮೇಲೆಯೇ ಇತ್ತು. “ಎತ್ತ” ಎಂಬ ಕೂಗು ಪೂರ್ತಿಯಾಗಿ ಬಿತ್ತು. ಕಡಾಯಿ ಮಟ್ಟಸವಾಗಿ ಎದ್ದು, ಸರಿದು, “ವಾಲಸ” ಎಂದಾಗ ಬಂಗಾರದ ಬಣ್ಣದ ಪಾಕ ತಗ್ಗಿಗೆ ಇಳಿಯಿತು. ಯಾರ ಮೈಮೇಲೂ ಒಂದು ಹನಿ ಸಿಡಿಯಲಿಲ್ಲ.

ನಿಪ್ಪಾಣಿಯವನು ಎದ್ದು ಬಂದು ತಗ್ಗಿನ ಅಂಚಿನಲ್ಲಿ ಕೂತು, ಬೆರಳಿನಿಂದ ಸ್ವಲ್ಪ ಪಾಕ ಎಳೆದು ನೋಡಿದ. ಮಾಲಕರ ಕಡೆ ತಿರುಗಿದ. “ಅಣ್ಣಾರ, ಹಿಥಂ, ಈ ಗಾಣದಾಗ, ನಂದೇನ ಕಾಮ ಐತ್ರಿ? ಬಾಯಿ ಬಾಡಗಿ ತಂದಾನ, ಕಣ್ಣ ಅವಂದ ಅವನ ಹಂತ್ಯಾಕ ಅದಾವ” ಎಂದ. ಒಂದು ಚರಿಗೆ ಕಬ್ಬಿನ ಹಾಲು ಕುಡಿದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ.

ಡಾಕ್ಟರರು ಹೇಳಿದಂತೆ ಗುಳಿಗೆ ಅರ್ಧವಾಯಿತು, ಅರ್ಧದ ಅರ್ಧವಾಯಿತು, ಕೊನೆಗೆ ನಿಂತಿತು. ಬಿಕ್ಕಳಿಕೆ ಯಾವ ದಿನ ಪೂರ್ತಿ ಹೋಯಿತೆಂದು ಹೇಳಲಾರೆ. ಒಂದು ದಿನ ಹೆಂಡತಿ “ಇವತ್ತ ಒಂದೂ ಬಂದಿಲ್ಲಲಾ” ಎಂದಾಗಲೇ ನನಗೆ ಗಮನಕ್ಕೆ ಬಂದದ್ದು. ಬೆನ್ನು ಆ ಹೊತ್ತಿಗೆ ತಾನಾಗಿಯೇ ಸಡಿಲವಾಗಿತ್ತು.

ಬಾಯಿ ನನಗೆ ಮರಳಿ ಬಂದಿತ್ತು. ಅಷ್ಟರಲ್ಲಿ ಇನ್ನೊಂದು ಸಂಗತಿಯೂ ಕಂಡಿತ್ತು. ಮೊದಲು ಕೂಗುವಾಗ ಕೊನೆಯ ಗಳಿಗೆಯಲ್ಲಿ ನನ್ನ ಕಣ್ಣು ಪಾಕ ಬಿಟ್ಟು ಆಳುಗಳ ಕಡೆ ಹೋಗುತ್ತಿತ್ತು. ಅವಳು ಕೂಗತೊಡಗಿದ ಮೇಲೆ ಕಣ್ಣು ಪಾಕದಿಂದ ಏಳಲೇ ಇಲ್ಲ. ಆ ದಿನಗಳ ಬೆಲ್ಲದ ಬಣ್ಣದಲ್ಲಿ ಅದು ಗೊತ್ತಾಗುತ್ತಿತ್ತು. ಎರಡು ದಿನ ಯೋಚಿಸಿ ಅಕ್ಕನಿಗೆ ಹೇಳಿದೆ, ಹಂಗಾಮು ಮುಗಿಯುವವರೆಗೆ ಕೂಗು ನಿನ್ನದೇ ಇರಲಿ ಎಂದು.

“ಕೂಗೂದ ಬ್ಯಾರೆ ಕೆಲಸ, ಸಿಪ್ಪಿ ಹೊರೂದ ಬ್ಯಾರೆ ಕೆಲಸ” ಎಂದಳು ಅವಳು. “ಬುಟ್ಟಿ ಹೊತ್ತ ಓಡಿ ಬಂದ, ಮ್ಯಾಲಿನ ಉಸರ ಮ್ಯಾಲ ಇದ್ದಾಗ ಕೂಗಿದ್ರ, ನಿನ್ನಂಗ ನಂದೂ ಅರ್ಧಕ್ಕ ಕಡೀತೈತಿ. ಆವಾಗ ಯಾರ ಕಾಲ ಸುಡಬೇಕ?”

ಅವಳು ಹೇಳಿದ್ದು ಸರಿ ಇತ್ತು. ಅವಳನ್ನು ಬುಟ್ಟಿಯಿಂದ ಬಿಡಿಸಿ ಕೂಗಿಗೇ ಇಡಿರಿ ಎಂದು ಕೇಳಲು ಮಾಲಕರ ಹತ್ತಿರ ಹೋದೆ.

“ನಿನ್ನ ಬಾಯಿ ನೆಟ್ಟಗಾಗೇತಲ್ಲ?” ಎಂದರು.

“ಆಗೇತ್ರಿ ಅಣ್ಣಾರ. ಆದ್ರ ಎತ್ತವರ ಆಕಿ ಕೂಗಿಗೆ ಒಂದಾಗ್ಯಾರ.”

ಅವರು ತಗ್ಗಿನಲ್ಲಿ ಆರುತ್ತಿದ್ದ ಬೆಲ್ಲದಿಂದ ಒಂದು ಚೂರು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಅದನ್ನು ಬಾಯಿಗೆ ಹಾಕಿಕೊಂಡು ಮನೆಯ ಕಡೆ ನಡೆದರು. ಮರುದಿನ ಮುಂಜಾನೆ ನಾನು ಗಾಣಕ್ಕೆ ಬಂದಾಗ ಅವಳ ಬುಟ್ಟಿ ಬೇರೆ ಹೆಂಗಸಿನ ತಲೆಯ ಮೇಲಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಒಲೆಯ ಹತ್ತಿರ ನಿಂತು, ಹಾಲು ಇನ್ನೂ ಕಾಯದಿದ್ದರೂ, ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.